ಇನ್ನೂರು ಗಂಟೆಯವರ ಊರು

ಆಫ್ರಿಕಾ ಖಂಡದ ದಕ್ಷಿಣ ಭಾಗದಲ್ಲಿ, ಕಡಲಿನ ಸಂಪರ್ಕವೇ ಇಲ್ಲದ ಬೋಟ್ಸ್‌ವಾನಾ ದೇಶದ ವಾಯವ್ಯ ದಿಕ್ಕಿನಲ್ಲಿ, ಮಾಉನ್ ಎಂಬ ಊರೊಂದುಂಟು. ಅವಸರದಿಂದ ಉಚ್ಚರಿಸಿದರೆ ಕನ್ನಡಿಗರ ಕಿವಿಗೆ ಅದು ಮೌನ್ ಎಂದೇ ಕೇಳಿಸುತ್ತದೆ. ಆದರೆ ಹೊತ್ತು ಮೂಡಿದ ಮೇಲೆ ಆ ಊರಿನಲ್ಲಿ ಹುಡುಕಿದರೂ ಸಿಕ್ಕದ ವಸ್ತುವೆಂದರೆ ಮೌನವೇ. ಊರಿನ ನೆತ್ತಿಯ ಮೇಲೆ ಒಂದರ ಹಿಂದೊಂದರಂತೆ ಪುಟ್ಟ ವಿಮಾನಗಳು ಗುಂಯ್‌ಗುಡುತ್ತ ಏರಿ ಉತ್ತರಕ್ಕೆ ತಿರುಗಿಕೊಳ್ಳುತ್ತವೆ. ಕೆಳಗೆ, ಆ ಸದ್ದಿಗೆ ಎಂದೋ ಒಗ್ಗಿ ಹೋಗಿರುವ ಕತ್ತೆಗಳು ಟಾರು ರಸ್ತೆಯ ನಟ್ಟನಡುವೆ ತಲೆ ತಗ್ಗಿಸಿ ನಿಂತಿರುತ್ತವೆ. ಮೋಟಾರುಗಳೇ ಅವುಗಳನ್ನು ಬಳಸಿಕೊಂಡು ಹೋಗಬೇಕು.

ಮಾಉನ್ ಎಂದರೆ ಗಿಡ್ಡ ಜೊಂಡು ಬೆಳೆಯುವ ತಾಣವೆಂದು ಅರ್ಥ ಹೇಳುತ್ತಾರೆ. ೧೯೧೫ರಲ್ಲಿ ಬತವಾನ ಎಂಬ ಜನ ತಮ್ಮ ಬುಡಕಟ್ಟಿನ ರಾಜಧಾನಿಯನ್ನು ತಮಲಕಾನೆ ನದಿಯ ದಂಡೆಗೆ ತಂದಾಗ ಈ ಊರು ಹುಟ್ಟಿತು. ೨೦೧೧ರ ಜನಗಣತಿಯಲ್ಲಿ ಇಲ್ಲಿ ಐವತ್ತೈದು ಸಾವಿರಕ್ಕೆ ಮೇಲ್ಪಟ್ಟು ಜನರಿದ್ದರು. ಆದರೂ ಊರಿಗೆ ಹಳ್ಳಿಯ ಚಹರೆ ಇನ್ನೂ ಮಾಸಿಲ್ಲ. ಹುಲ್ಲು ಹೊದೆಸಿದ ದುಂಡು ಗುಡಿಸಲುಗಳ ಪಕ್ಕದಲ್ಲಿಯೇ ಗಾಜಿನ ಕಿಟಕಿಯ ಅಂಗಡಿಗಳು ಎದ್ದಿವೆ. ನೆಲ ಮುಟ್ಟುವ ನೆರಿಗೆಯ ಉಡುಪನ್ನು ಧರಿಸಿ, ಹಸುವಿನ ಕೊಂಬಿನಂತೆ ಎರಡೂ ಕಡೆಗೆ ಚಾಚಿದ ಶಿರೋವಸ್ತ್ರವನ್ನು ತೊಟ್ಟ ಹೆರೆರೋ ಹೆಂಗಸರು ಸಂತೆಗೆ ಗಂಭೀರವಾಗಿ ನಡೆದು ಹೋಗುತ್ತಾರೆ. ೧೯೦೪ರಲ್ಲಿ ಆರಂಭವಾದ ಜರ್ಮನರ ನರಮೇಧದಿಂದ ಪಾರಾಗಿ, ಮರುಭೂಮಿಯನ್ನು ದಾಟಿ ಬಂದವರ ಸಂತತಿ ಅವರದು. ಎದುರಾದ ಗಂಡಸಿಗೆ “ದುಮೆಲಾ ರ್ರಾ” ಎಂದೂ, ಹೆಂಗಸಿಗೆ “ದುಮೆಲಾ ಮ್ಮಾ” ಎಂದೂ ವಂದಿಸಿದ ಮೇಲೆಯೇ ಇಲ್ಲಿ ಮಾತು ಮುಂದೆ ಸಾಗುವುದು. ನಮಸ್ಕಾರವಿಲ್ಲದೆ ಬೆಲೆ ಕೇಳಿದವನನ್ನು ಅಂಗಡಿಯವಳು ವಿಚಿತ್ರವಾಗಿ ನೋಡುತ್ತಾಳೆ.

ಇಂತಹ ಊರಿನಲ್ಲಿ ಮಳೆಗಾಲದ ಕೊನೆಯ ಹೊತ್ತಿಗೆ ಇನ್ನೊಂದು ಬಗೆಯ ಜನ ಕಾಣಿಸಿಕೊಳ್ಳುತ್ತಾರೆ. ಇಪ್ಪತ್ತೆರಡರಿಂದ ಇಪ್ಪತ್ತೈದು ವರ್ಷ ವಯಸ್ಸು. ದಕ್ಷಿಣ ಆಫ್ರಿಕಾದಿಂದ, ಇಂಗ್ಲೆಂಡಿನಿಂದ, ಜರ್ಮನಿಯಿಂದ, ನ್ಯೂಜಿಲೆಂಡಿನಿಂದ ಬಂದವರು. ಹುಡುಗರೇ ಹೆಚ್ಚು, ಹುಡುಗಿಯರೂ ಇಲ್ಲದಿಲ್ಲ. ಆ ಧೂಳಿನಲ್ಲಿಯೂ ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಒಂದು ಕಾಗದದ ಕಟ್ಟು. ವಿಮಾನ ನಿಲ್ದಾಣದ ಬೇಲಿಯ ಉದ್ದಕ್ಕೂ ಇರುವ ಕಚೇರಿಗಳ ಬಾಗಿಲುಗಳನ್ನು ಒಂದೊಂದಾಗಿ ತಟ್ಟುತ್ತ ನಡೆಯುವುದೇ ಅವರ ನಿತ್ಯದ ಕಾಯಕ. ಅವರೆಲ್ಲರೂ ವಿಮಾನಚಾಲಕರು. ಸರ್ಕಾರದ ಮೊಹರಿರುವ ಲೈಸೆನ್ಸು ಅವರಲ್ಲಿದೆ. ಇಲ್ಲದಿರುವುದು ಒಂದೇ: ಕೆಲಸ.

ಹುಚ್ಚು ಮೊದಲೋ, ಮದುವೆ ಮೊದಲೋ?

ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆಯನ್ನು ಕಟ್ಟಿದ ನಮ್ಮ ಹಿರಿಯರು ವಿಮಾನವನ್ನು ಕಂಡಿರಲಾರರು. ಆದರೂ ಹೊಸ ವಿಮಾನಚಾಲಕನ ಪಾಡನ್ನು ಅದಕ್ಕಿಂತ ಚೆನ್ನಾಗಿ ಹೇಳಿದ ಮಾತು ಬೇರೊಂದಿಲ್ಲ. ಕೆಲಸ ಸಿಗಬೇಕಾದರೆ ಹಾರಾಟದ ಅನುಭವ ಬೇಕು; ಅನುಭವ ಬರಬೇಕಾದರೆ ಕೆಲಸ ಬೇಕು.

ವೈಮಾನಿಕರ ಲೋಕದಲ್ಲಿ ಮನುಷ್ಯನ ಯೋಗ್ಯತೆಯನ್ನು ಅಳೆಯುವ ಕೋಲು ಗಂಟೆ. ಆಕಾಶದಲ್ಲಿ ಕಳೆದ ಪ್ರತಿಯೊಂದು ಗಂಟೆಯೂ ಲಾಗ್ ಪುಸ್ತಕವೆಂಬ ದಫ್ತರದಲ್ಲಿ ದಾಖಲಾಗತಕ್ಕದ್ದು: ಎಂದು, ಯಾವ ವಿಮಾನದಲ್ಲಿ, ಎಲ್ಲಿಂದ ಎಲ್ಲಿಗೆ, ಒಬ್ಬನೇ ಚಾಲಕನಾಗಿಯೋ, ಗುರುವಿನ ಜೊತೆಯಲ್ಲಿಯೋ. ಭಾರತದಲ್ಲಿ ಸಂಬಳಕ್ಕೆ ವಿಮಾನ ನಡೆಸುವ ಲೈಸೆನ್ಸನ್ನು ಪಡೆಯಲು ೨೦೦ ಗಂಟೆಗಳ ಹಾರಾಟ ಸಾಕು. ಅಮೆರಿಕೆಯಲ್ಲಿ ಸಾಮಾನ್ಯ ಕ್ರಮದಲ್ಲಿ ೨೫೦ ಬೇಕು. ಆದರೆ ದೊಡ್ಡ ವಿಮಾನದ ಕ್ಯಾಪ್ಟನ್ ಆಗಲು ಬೇಕಾದ ಮೇಲ್ದರ್ಜೆಯ ಲೈಸೆನ್ಸಿಗೆ ೧,೫೦೦ ಗಂಟೆಗಳು. ಈ ಎರಡು ಅಂಕಿಗಳ ನಡುವೆ ಬಾಯ್ದೆರೆದುಕೊಂಡಿರುವ ಕಂದಕವೇ ಹೊಸಬನ ಕಷ್ಟ. ಸ್ವಂತ ಖರ್ಚಿನಿಂದ ವಿಮಾನವನ್ನು ಬಾಡಿಗೆಗೆ ಹಿಡಿದು ಉಳಿದ ೧,೩೦೦ ಗಂಟೆಗಳನ್ನು ಹಾರಿ ಮುಗಿಸುತ್ತೇನೆಂದರೆ ಮನೆ ಮಾರಿದರೂ ಸಾಲದು.

ಅಮೆರಿಕೆಯಲ್ಲಿ ಈ ಕಂದಕ ಇನ್ನೂ ಅಗಲವಾದುದಕ್ಕೆ ಒಂದು ದುರಂತ ಕಾರಣ. ೨೦೦೯ರ ಫೆಬ್ರವರಿಯಲ್ಲಿ ಬಫೆಲೋ ನಗರದ ಬಳಿ ಪ್ರಯಾಣಿಕರ ವಿಮಾನವೊಂದು ಬಿದ್ದು ೫೦ ಮಂದಿ ಸತ್ತರು. ಸತ್ತವರ ಬಂಧುಗಳು ನ್ಯಾಯಕ್ಕಾಗಿ ಪಟ್ಟು ಹಿಡಿದು ಹೋರಾಡಿದರು, ೨೦೧೦ರಲ್ಲಿ ಕಾನೂನಾಯಿತು. ೨೦೧೩ರಿಂದ ಅಲ್ಲಿ ವಿಮಾನ ಸಂಸ್ಥೆಗಳ ಸಹಚಾಲಕನಿಗೂ ಸಾಮಾನ್ಯವಾಗಿ ೧,೫೦೦ ಗಂಟೆ ಇರಬೇಕೆಂಬ ನಿಯಮ ಜಾರಿಗೆ ಬಂದಿತು. ಸೈನ್ಯದಿಂದಲೋ ವಿಮಾನವಿದ್ಯೆಯ ಕಾಲೇಜಿನಿಂದಲೋ ಬಂದವರಿಗೆ ಮಾತ್ರ ಕೊಂಚ ರಿಯಾಯಿತಿಯುಂಟು. ಸೋಜಿಗವೆಂದರೆ, ಬಫೆಲೋದಲ್ಲಿ ಬಿದ್ದ ವಿಮಾನದ ಇಬ್ಬರು ಚಾಲಕರಿಗೂ ಅದಕ್ಕಿಂತ ಹೆಚ್ಚು ಗಂಟೆಗಳ ಅನುಭವವಿತ್ತು. ಗಂಟೆಗಳು ಎಷ್ಟು ಎಂಬುದು ಮುಖ್ಯವೋ, ಆ ಗಂಟೆಗಳಲ್ಲಿ ಕಲಿತದ್ದೇನು ಎಂಬುದು ಮುಖ್ಯವೋ ಎಂಬ ವಾದ ಅಂದಿನಿಂದಲೂ ನಡೆದೇ ಇದೆ.

ಭಾರತದಲ್ಲಿ ನಿಯಮ ಇಷ್ಟು ಬಿಗಿಯಲ್ಲ. ಇನ್ನೂರು ಗಂಟೆಯವನೂ ದೊಡ್ಡ ವಿಮಾನವೊಂದರ ವಿಶೇಷ ತರಬೇತಿಯನ್ನು ಪಡೆದರೆ ಸಹಚಾಲಕನಾಗಬಹುದು. ಆದರೆ ಆ ತರಬೇತಿಯ ಖರ್ಚು ಬೇರೆ, ಅದಾದ ಮೇಲೆ ಖಾಲಿ ಸ್ಥಾನಕ್ಕಾಗಿ ಕಾಯುವ ಕಾಲ ಬೇರೆ. ಬೆಂಗಳೂರಿನ ಜಕ್ಕೂರು ಬಯಲಿನ ಸರ್ಕಾರಿ ವಿಮಾನ ತರಬೇತಿ ಶಾಲೆಯಲ್ಲಿ ಕಲಿತವನಾಗಲಿ, ವಿದೇಶದ ಶಾಲೆಯಿಂದ ಬಂದವನಾಗಲಿ, ಲೈಸೆನ್ಸು ಕೈಗೆ ಬಂದ ಮರುದಿನವೇ ಈ ಲೆಕ್ಕಾಚಾರವನ್ನು ಎದುರಿಸಲೇಬೇಕು. ವಿಮಾನ ಸಂಸ್ಥೆಗಳು ಬೆಳೆಯುವ ಕಾಲದಲ್ಲಿ ಕಲಿತು ಹೊರಬಿದ್ದವನು ಪುಣ್ಯವಂತ. ೨೦೧೨ರಲ್ಲಿಯೋ ೨೦೧೯ರಲ್ಲಿಯೋ ಆದಂತೆ ದೊಡ್ಡ ಸಂಸ್ಥೆಯೊಂದು ಹಾರಾಟವನ್ನೇ ನಿಲ್ಲಿಸಿದ ವರ್ಷದಲ್ಲಿ ಹೊರಬಿದ್ದವನ ಮುಂದೆ ಸಾವಿರಾರು ಗಂಟೆಗಳ ಅನುಭವಿಗಳೇ ಸಾಲಿನಲ್ಲಿ ನಿಂತಿರುತ್ತಾರೆ.

ಆದುದರಿಂದ ಹೊಸಬರು ಗಂಟೆಗಳನ್ನು ಅರಸಿಕೊಂಡು ಹೊರಡುತ್ತಾರೆ. ಅಮೆರಿಕೆಯಲ್ಲಿ ಬಹು ಮಂದಿ ತಾವು ಕಲಿತ ಶಾಲೆಯಲ್ಲಿಯೇ ಗುರುಗಳಾಗಿ ನಿಲ್ಲುತ್ತಾರೆ. ಕೆಲವರು ಜಾಹಿರಾತಿನ ಪಟವನ್ನು ಬಾಲಕ್ಕೆ ಕಟ್ಟಿಕೊಂಡು ಕಡಲ ತೀರದ ಮೇಲೆ ಹಾರುತ್ತಾರೆ. ಕೆಲವರು ಪ್ಯಾರಾಚೂಟಿನಿಂದ ಧುಮುಕುವವರನ್ನು ಹೊತ್ತೊಯ್ಯುತ್ತಾರೆ. ಕೆನಡಾದ ಉತ್ತರ ಭಾಗದಲ್ಲಿ ಪೆಟ್ಟಿಗೆ ಹೊರುತ್ತ ಒಂದೆರಡು ವರ್ಷ ಕಳೆದ ಮೇಲೆ ಚಾಲಕನ ಪೀಠ ದೊರೆಯುವುದುಂಟು. ಆಸ್ಟ್ರೇಲಿಯಾದವರು ವಾಯವ್ಯದ ಕುನುನುರಾ ಮತ್ತು ಬ್ರೂಮ್ ಊರುಗಳಿಗೆ ಹೋಗುತ್ತಾರೆ. ಆಫ್ರಿಕಾದ ದಕ್ಷಿಣದಲ್ಲಿ ಎಲ್ಲರ ಬಾಯಲ್ಲಿಯೂ ಬರುವ ಹೆಸರು ಮಾಉನ್.

ಕಡಲು ಕಾಣದ ನದಿ

ಇಷ್ಟು ಪುಟ್ಟ ಊರಿಗೆ ಇಷ್ಟೊಂದು ವಿಮಾನಗಳು ಏತಕ್ಕೆ? ಉತ್ತರವನ್ನು ಹೇಳುವುದು ಒಂದು ನದಿ.

ಒಕವಾಂಗೋ ನದಿ ಅಂಗೋಲಾ ದೇಶದ ಎತ್ತರದ ನೆಲದಲ್ಲಿ ಕುಬಾಂಗೋ ಎಂಬ ಹೆಸರಿನಿಂದ ಹುಟ್ಟುತ್ತದೆ. ಎಲ್ಲ ನದಿಗಳೂ ಸಮುದ್ರರಾಜನ ಮನೆಗೆ ಹೊರಟರೆ ಇದು ಮಾತ್ರ ಬೆನ್ನು ತಿರುಗಿಸಿ ಒಳನಾಡಿಗೆ ಹರಿಯುತ್ತದೆ. ನಮೀಬಿಯಾದ ಒಂದು ಕಿರಿದಾದ ಪಟ್ಟಿಯನ್ನು ದಾಟಿ ಬೋಟ್ಸ್‌ವಾನಾವನ್ನು ಹೊಕ್ಕು, ಕಲಹಾರಿಯ ಮರಳಿನ ಮೇಲೆ ಬೀಸಣಿಗೆಯ ಆಕಾರದಲ್ಲಿ ಹರಡಿಕೊಂಡು ಅಲ್ಲಿಯೇ ಲೀನವಾಗುತ್ತದೆ. ವರ್ಷವರ್ಷವೂ ಬರುವ ನೀರಿನ ಬಹುಪಾಲು ಆವಿಯಾಗಿ ಆಕಾಶಕ್ಕೆ ಹೋಗುತ್ತದೆ. ನೀರು ಹರಡುವ ಪ್ರದೇಶ ಕಾಲಕ್ಕೆ ತಕ್ಕಂತೆ ಹಿಗ್ಗಿ ಕುಗ್ಗಿ, ಹೆಚ್ಚಿದಾಗ ಹದಿನೈದು ಸಾವಿರ ಚದರ ಕಿಲೋಮೀಟರುಗಳಷ್ಟಾಗುತ್ತದೆ.

ಈ ಪ್ರವಾಹದ ನಡಿಗೆಯೂ ವಿಚಿತ್ರವೇ. ಅಂಗೋಲಾದಲ್ಲಿ ಜನವರಿ, ಫೆಬ್ರವರಿಯ ಹೊತ್ತಿಗೆ ಸುರಿದ ಮಳೆ ಜೊಂಡಿನ ನಡುವೆ ಇರುವೆಯಂತೆ ಹರಿದು ಮಾಉನ್ ಊರಿನ ಸೇತುವೆಯನ್ನು ತಲುಪುವಾಗ ಜೂನ್ ಅಥವಾ ಜುಲೈ ಆಗಿರುತ್ತದೆ. ಆಗ ಅಲ್ಲಿ ಮೋಡದ ಸುಳಿವೇ ಇಲ್ಲದ ಚಳಿಗಾಲ. ಸುತ್ತಲಿನ ಕಾಡೆಲ್ಲ ಒಣಗಿರುವಾಗ ನೀರು ಬರುವುದರಿಂದ ಮೃಗಗಳೆಲ್ಲ ಅಲ್ಲಿಗೇ ನೆರೆಯುತ್ತವೆ. ಮಳೆಯ ಬೆಲೆಯನ್ನು ಈ ದೇಶದವರು ಬಲ್ಲರು. ಅವರ ನಾಣ್ಯದ ಹೆಸರೇ ಪುಲಾ, ಹಾಗೆಂದರೆ ಮಳೆ. ೨೦೧೯ರಂತಹ ಬರಗಾಲದ ವರ್ಷದಲ್ಲಿ ತಮಲಕಾನೆ ಬತ್ತಿ, ಅದರ ಒಡಲಲ್ಲಿ ದನಗಳು ನಡೆದಾಡಿದ್ದನ್ನು ಊರಿನವರು ಮರೆತಿಲ್ಲ.

ಮೃಗಗಳು ಇಲ್ಲಿ ಉಳಿದುಕೊಂಡುದಕ್ಕೆ ಎರಡು ಕಾರಣಗಳನ್ನು ಹೇಳಬಹುದು. ಒಂದು, ತ್ಸೆತ್ಸೆ ಎಂಬ ನೊಣ. ದನಗಳಿಗೆ ಪ್ರಾಣಾಂತಿಕವಾದ ರೋಗವನ್ನು ಹರಡುತ್ತಿದ್ದ ಈ ನೊಣದ ಭಯದಿಂದ ದನಗಾಹಿಗಳು ಜವುಗು ಪ್ರದೇಶದಿಂದ ದೂರವಿರುತ್ತಿದ್ದರು. ೨೦೦೧ ಮತ್ತು ೨೦೦೨ರಲ್ಲಿ ವಿಮಾನಗಳಿಂದ ಔಷಧ ಸಿಂಪಡಿಸಿ ಆ ನೊಣವನ್ನು ನಿರ್ಮೂಲ ಮಾಡಲಾಯಿತು. ಈಗ ದನಗಳನ್ನು ತಡೆಯುವುದು ಉದ್ದನೆಯ ತಂತಿ ಬೇಲಿ. ಇನ್ನೊಂದು ಕಾರಣ ಜನರ ವಿವೇಕ. ೧೯೬೩ರಲ್ಲಿ, ದೇಶ ಇನ್ನೂ ಬ್ರಿಟಿಷರ ಆಶ್ರಯದಲ್ಲಿದ್ದಾಗಲೇ, ಬತವಾನರು ತಮ್ಮ ರಾಜಪ್ರತಿನಿಧಿಯಾಗಿದ್ದ ಪುಲಾನೆ ಮೊರೇಮಿ ಎಂಬ ಮಹಿಳೆಯ ಕಾಲದಲ್ಲಿ ತಮ್ಮದೇ ನೆಲದ ಒಂದು ಭಾಗವನ್ನು ಮೃಗಗಳಿಗಾಗಿ ಮೀಸಲಿಟ್ಟರು. ಅದೇ ಮೊರೇಮಿ ಅಭಯಾರಣ್ಯ. ೨೦೧೪ರಲ್ಲಿ ಈ ಮುಖಜಭೂಮಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆ ಪಟ್ಟಿಯ ಸಾವಿರನೆಯ ಸ್ಥಾನ ಅದರದು.

ಇಂತಹ ನೀರುನಾಡಿನ ನಡುಗಡ್ಡೆಗಳ ಮೇಲೆ ಪ್ರವಾಸಿಗರ ಶಿಬಿರಗಳಿವೆ. ಅಲ್ಲಿಗೆ ರಸ್ತೆ ಹಾಕುವಂತಿಲ್ಲ. ಹಾಕಿದರೂ ಪ್ರವಾಹದಲ್ಲಿ ಉಳಿಯದು. ಹುಟ್ಟುಗೋಲಿನಿಂದ ತಳ್ಳುವ ಮೊಕೊರೋ ಎಂಬ ದೋಣಿ ಜೊಂಡಿನ ನಡುವೆ ತಿರುಗಾಡಲು ಸೊಗಸೇ ಹೊರತು ದೂರದ ಪ್ರಯಾಣಕ್ಕೆ ತಕ್ಕುದಲ್ಲ. ಜೀಪಿನಲ್ಲಿ ಇಡೀ ದಿನ ಹಿಡಿಯುವ ದಾರಿಯನ್ನು ಸಣ್ಣ ವಿಮಾನ ಅರ್ಧ ಗಂಟೆಯಲ್ಲಿ ಮುಗಿಸುತ್ತದೆ. ಪ್ರವಾಸಿಗರು, ಅವರ ಪೆಟ್ಟಿಗೆಗಳು, ಶಿಬಿರದ ತರಕಾರಿ, ಅಡಿಗೆಯವರ ಮಂಜೂರಾದ ರಜೆ, ಕಾಯಿಲೆ ಬಿದ್ದವರು, ಎಲ್ಲಕ್ಕೂ ವಿಮಾನವೇ ಗತಿ. ವಿಮಾನ ಪುಟ್ಟದು, ಹಾರುವ ದೂರ ಕಡಮೆ, ಸರದಿಗಳು ಅನೇಕ. ಇನ್ನೂರು ಗಂಟೆಯವನನ್ನು ನಂಬಿ ಒಪ್ಪಿಸಬಹುದಾದ ಕೆಲಸ ಲೋಕದಲ್ಲಿ ಎಲ್ಲಾದರೂ ಇದ್ದರೆ ಅದು ಇಲ್ಲಿಯೇ.

ತೊಂಬತ್ತು ದಿನಗಳ ಗಡುವು

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೆ? ಮಾಉನ್‌ಗೆ ಬಂದವರೆಲ್ಲರೂ ಒಂದಲ್ಲ ಒಂದು ದಿನ ವಿಮಾನ ನಿಲ್ದಾಣದ ಬಾಗಿಲಿಗೆ ಬಂದೇ ಬರುತ್ತಾರೆ. ಕೆಲಸ ಹುಡುಕುವವನೂ ಅಲ್ಲಿಯೇ ಠಾಣ್ಯ ಹೂಡುತ್ತಾನೆ. ದೂರದಿಂದ ಕಳುಹಿಸಿದ ಅರ್ಜಿಗೆ ಇಲ್ಲಿ ಹೆಚ್ಚಿನ ಮರ್ಯಾದೆಯಿಲ್ಲ. ಕಚೇರಿಯ ಮುಖ್ಯ ಚಾಲಕನ ಮೇಜಿನ ಮೇಲೆ ಅಂತಹ ಅರ್ಜಿಗಳ ರಾಶಿಯೇ ಬಿದ್ದಿರುತ್ತದೆ. ಅವನಿಗೆ ಬೇಕಾದವನು ಕಣ್ಣ ಮುಂದೆ ನಿಂತವನು, ಇಂದು ಕರೆದರೆ ನಾಳೆ ಬರುವವನು, ಈ ಧೂಳು, ಸೆಕೆ, ಒಂಟಿತನಗಳನ್ನು ಕಂಡೂ ಓಡಿಹೋಗದವನು.

ಆದುದರಿಂದ ಪ್ರವಾಸದ ಋತು ಬಿರುಸಾಗುವ ಮುನ್ನ, ಸಂಸ್ಥೆಗಳು ಹೊಸಬರನ್ನು ತೆಗೆದುಕೊಳ್ಳುವ ಹೊತ್ತಿಗೆ, ಈ ತರುಣರು ಬಂದು ಸೇರುತ್ತಾರೆ. ನದಿಯ ದಂಡೆಯಲ್ಲಿ ಡೇರೆ ಹಾಕಿಕೊಳ್ಳುವವರುಂಟು; ನಾಲ್ಕು ಮಂದಿ ಸೇರಿ ಒಂದು ಕೋಣೆಯನ್ನು ಹಿಡಿಯುವವರುಂಟು. ಬೆಳಗ್ಗೆ ಒಂದು ಸುತ್ತು, ವಾರಕ್ಕೊಮ್ಮೆ ಮತ್ತೆ ಅದೇ ಸುತ್ತು. “ಈಗ ಏನೂ ಇಲ್ಲ, ಮುಂದಿನ ತಿಂಗಳು ನೋಡೋಣ” ಎಂಬ ಉತ್ತರವನ್ನು ಕೇಳಿಕೊಂಡು ನಗುಮುಖದಿಂದಲೇ ಹೊರಬರಬೇಕು. ಏಕೆಂದರೆ ಮುಂದಿನ ವಾರವೂ ಅದೇ ಬಾಗಿಲಿಗೆ ಹೋಗಬೇಕಾಗಿದೆ. ಹೆಚ್ಚು ಹೋದರೆ ಕಾಟ ಕೊಡುವವನೆಂಬ ಹೆಸರು. ಹೋಗದಿದ್ದರೆ ಮರೆತೇ ಬಿಡುತ್ತಾರೆ. ಈ ಎರಡರ ನಡುವಿನ ಹದವನ್ನು ಯಾವ ವಿಮಾನ ಶಾಲೆಯೂ ಕಲಿಸಿರುವುದಿಲ್ಲ.

ಕಾಲವೂ ಧಾರಾಳವಾಗಿಲ್ಲ. ಪ್ರವಾಸಿಯಾಗಿ ಬಂದವನು ವರ್ಷದಲ್ಲಿ ೯೦ ದಿನಗಳಿಗಿಂತ ಹೆಚ್ಚಾಗಿ ಈ ದೇಶದಲ್ಲಿ ಇರುವಂತಿಲ್ಲ. ಆ ಅವಧಿಯಲ್ಲಿ ಸಂಬಳಕ್ಕೆ ದುಡಿಯುವಂತಿಲ್ಲ. ಹೀಗಾಗಿ ಕೈಯಲ್ಲಿನ ಹಣ ಮೊದಲು ಮುಗಿಯುವುದೋ, ದಿನಗಳು ಮೊದಲು ಮುಗಿಯುವುವೋ ಎಂಬ ಲೆಕ್ಕವೇ ರಾತ್ರಿ ಮಲಗಿದಾಗ ಕಣ್ಣ ಮುಂದೆ ಬರುವ ಚಿತ್ರ. ಮನೆಯಿಂದ ದೂರವಾಣಿ ಬರುತ್ತದೆ. ಮಗನ ವಿದ್ಯೆಗಾಗಿ ಸಾಲ ಮಾಡಿದ ತಂದೆ ಕೆಲಸದ ಮಾತನ್ನು ನೇರವಾಗಿ ಕೇಳುವುದಿಲ್ಲ, “ಊಟ ತಿಂಡಿ ಸರಿಯಾಗಿದೆಯೆ?” ಎಂದಷ್ಟೇ ಕೇಳುತ್ತಾನೆ. ಮಗನೂ ಊಟದ ವಿಷಯವನ್ನಷ್ಟೇ ಹೇಳಿ ಮುಗಿಸುತ್ತಾನೆ. ಇಂತಹ ಸಂಭಾಷಣೆ ಯಾವ ದೇಶದ ಮನೆಯಲ್ಲಿಯೂ ಒಂದೇ ಬಗೆಯದು.

ಕಾಯುವ ದಿನಗಳಲ್ಲಿ ಜಾಣರು ಸುಮ್ಮನೆ ಕೂರುವುದಿಲ್ಲ. ಪರದೇಶದ ಲೈಸೆನ್ಸು ಇದ್ದ ಮಾತ್ರಕ್ಕೆ ಇಲ್ಲಿ ಹಾರುವಂತಿಲ್ಲ. ಬೋಟ್ಸ್‌ವಾನಾದ ನಾಗರಿಕ ವಿಮಾನಯಾನ ಪ್ರಾಧಿಕಾರ ಅದನ್ನು ಮಾನ್ಯ ಮಾಡಬೇಕು. ಅದಕ್ಕಾಗಿ ಈ ದೇಶದ ವಿಮಾನ ಕಾನೂನುಗಳನ್ನು ಓದಿಕೊಳ್ಳುತ್ತಾರೆ. ಸಂಜೆ, ಕೆಲಸದಲ್ಲಿರುವ ಚಾಲಕರು ಸೇರುವ ಉಪಾಹಾರಗೃಹದಲ್ಲಿ ಕುಳಿತು, ಯಾರು ಬಿಟ್ಟು ಹೋಗುತ್ತಿದ್ದಾರೆ, ಯಾವ ಸಂಸ್ಥೆಗೆ ಹೊಸ ವಿಮಾನ ಬರುತ್ತದೆ ಎಂಬ ಸುದ್ದಿಗೆ ಕಿವಿಗೊಡುತ್ತಾರೆ. ಒಬ್ಬ ಹಳಬನಿಗೆ ದೊಡ್ಡ ಸಂಸ್ಥೆಯಿಂದ ಕರೆ ಬಂದರೆ ಒಬ್ಬ ಹೊಸಬನಿಗೆ ಪೀಠ ಖಾಲಿಯಾಯಿತೆಂದು ಅರ್ಥ.

ಇನ್ನೊಂದು ನ್ಯಾಯವಾದ ಅಡ್ಡಿಯೂ ಉಂಟು. ಈ ನೆಲದ ಮಕ್ಕಳಲ್ಲಿಯೂ ವಿಮಾನ ವಿದ್ಯೆ ಕಲಿತವರು ಇದ್ದಾರೆ. ಪರದೇಶದವನಿಗೆ ಕೆಲಸದ ಪರವಾನಗಿ ಸಿಗಬೇಕಾದರೆ ಆ ಕೆಲಸಕ್ಕೆ ತಕ್ಕ ಸ್ವದೇಶೀಯ ದೊರೆಯಲಿಲ್ಲವೆಂದು ಸಂಸ್ಥೆ ಸರ್ಕಾರಕ್ಕೆ ಮನಗಾಣಿಸಬೇಕು. ಹೊರಗಿನಿಂದ ಬಂದವನಿಗೆ ಇದು ಬಿಸಿ ಉಸಿರಿಗೆ ಕಾರಣವಾದರೆ, ಗುಡಿಸಲಿನ ಅಂಗಳದಲ್ಲಿ ನಿಂತು ಬಾಲ್ಯವೆಲ್ಲ ತಲೆಯ ಮೇಲೆ ಹಾರುವ ವಿಮಾನಗಳನ್ನು ಎಣಿಸುತ್ತ ಬೆಳೆದ ಮಾಉನ್‌ನ ಹುಡುಗನಿಗೆ ಅದು ಬಾಗಿಲನ್ನು ತೆರೆಯುವ ಕೀಲಿಕೈ. ಇಬ್ಬರ ಮನೆಯಲ್ಲಿಯೂ ಸಾಲವಿದೆ, ಇಬ್ಬರ ಲಾಗ್ ಪುಸ್ತಕದಲ್ಲಿಯೂ ಇನ್ನೂರೇ ಗಂಟೆ.

ಆನೆ ಅಡ್ಡ ಬಂದ ರನ್‌ವೇ

ಅದೃಷ್ಟ ತೆರೆದವನಿಗೆ ಮೊದಲು ಪರೀಕ್ಷೆಯ ಹಾರಾಟ. ಮುಖ್ಯ ಚಾಲಕ ಪಕ್ಕದಲ್ಲಿ ಕುಳಿತು, ಗಿಡ್ಡ ರನ್‌ವೇಯಲ್ಲಿ ಇಳಿಸುವ ಬಗೆಯನ್ನೂ, ಎಂಜಿನ್ ನಿಂತಿತೆಂದಾಗ ತರುಣನ ಮುಖ ಏನಾಗುವುದೆಂಬುದನ್ನೂ ನೋಡುತ್ತಾನೆ. ಗೆದ್ದರೆ ಕೆಲವು ವಾರ ಹಳಬನೊಬ್ಬನ ಜೊತೆಯಲ್ಲಿ ತಿರುಗಾಟ. ಪ್ರತಿಯೊಂದು ನಡುಗಡ್ಡೆಯ ರನ್‌ವೇಯ ಗುಣಾವಗುಣಗಳನ್ನೂ ಅವನು ಬಾಯಿಪಾಠ ಮಾಡಬೇಕು: ಇಲ್ಲಿ ಮರಳು ಸಡಿಲ, ಅಲ್ಲಿ ಕೊನೆಯಲ್ಲಿ ತಾಳೆಮರ, ಇನ್ನೊಂದೆಡೆ ಕಾಡುಹಂದಿ ತೋಡಿದ ಗುಂಡಿ.

ಅವನಿಗೆ ಒಪ್ಪಿಸುವುದು ಸಾಮಾನ್ಯವಾಗಿ ಒಂದೇ ಎಂಜಿನ್ನಿನ, ಚಾಲಕನೂ ಸೇರಿ ಆರು ಪೀಠಗಳ ಸೆಸ್ನಾ ೨೦೬, ಇಲ್ಲವೆ ಎಂಟು ಪೀಠಗಳ ಏರ್‌ವ್ಯಾನ್. ಬೆಳಗಿನ ಜಾವದಲ್ಲಿ ಅವನ ಮೊದಲ ಕೆಲಸ ರೆಕ್ಕೆಯ ಅಡಿಯಿಂದ ಸ್ವಲ್ಪ ಇಂಧನವನ್ನು ಗಾಜಿನ ಲೋಟಕ್ಕೆ ಹಿಡಿದು ಬೆಳಕಿಗೆ ಎತ್ತಿ ನೋಡುವುದು. ನೀರು ಬೆರೆತಿದೆಯೆ? ಬಣ್ಣ ಸರಿಯಿದೆಯೆ? ವಾಸನೆ ಸರಿಯಿದೆಯೆ? ಇದು ಬರಿಯ ಶಾಸ್ತ್ರವಲ್ಲ. ೧೯೭೪ರ ಏಪ್ರಿಲ್ ೪ರಂದು ಇದೇ ದೇಶದ ಫ್ರಾನ್ಸಿಸ್‌ಟೌನ್ ಊರಿನಿಂದ, ಗಣಿಯ ಕೆಲಸ ಮುಗಿಸಿ ಊರಿಗೆ ಮರಳುತ್ತಿದ್ದ ಮಲಾವಿ ದೇಶದ ಕೂಲಿಗಳನ್ನು ಹೊತ್ತ ವಿಮಾನವೊಂದು ಏರಿದ ಸ್ವಲ್ಪ ಹೊತ್ತಿನಲ್ಲಿಯೇ ಬಿದ್ದಿತು. ೭೮ ಮಂದಿ ಸತ್ತರು. ಪೆಟ್ರೋಲಿನಿಂದ ನಡೆಯಬೇಕಾದ ಎಂಜಿನ್ನುಗಳಿಗೆ ಜೆಟ್ ಇಂಧನ ಬೆರೆತು ಹೋಗಿತ್ತು. ಲೋಟದಲ್ಲಿನ ಒಂದು ಗುಟುಕು ಇಂಧನದ ಬೆಲೆ ಅಷ್ಟು.

ಅನಂತರ ಭಾರದ ಲೆಕ್ಕ. ಪ್ರವಾಸಿಗರು ಮೆತ್ತನೆಯ ಚೀಲದಲ್ಲಿ ಸುಮಾರು ೨೦ ಕಿಲೋಗ್ರಾಂ ಸಾಮಾನನ್ನು ಮಾತ್ರ ತರಬಹುದು. ಅದನ್ನು ಎತ್ತಿ ವಿಮಾನದ ಹೊಟ್ಟೆಗೆ ತುಂಬುವವನೂ ಚಾಲಕನೇ. ಚಿನ್ನದ ಪಟ್ಟಿ ಹೊಲಿದ ಭುಜದ ಮೇಲೆಯೇ ಪೆಟ್ಟಿಗೆಯೂ ಏರುತ್ತದೆ. ಹೆಚ್ಚು ಭಾರದ ಚೀಲ ತಂದ ಸಿರಿವಂತನಿಗೆ ಆಗದೆಂದು ಹೇಳುವ ಧೈರ್ಯವೂ ಇಪ್ಪತ್ತಮೂರರ ಹುಡುಗನಿಗೆ ಇರಬೇಕು. ಏಕೆಂದರೆ ಅಲ್ಲಿನ ಗಾಳಿ ದಾಕ್ಷಿಣ್ಯ ತೋರುವುದಿಲ್ಲ. ಮಾಉನ್ ಸಮುದ್ರಮಟ್ಟದಿಂದ ಮೂರು ಸಾವಿರ ಅಡಿಗಳಿಗಿಂತ ಸ್ವಲ್ಪ ಹೆಚ್ಚು ಎತ್ತರದಲ್ಲಿದೆ. ಅಕ್ಟೋಬರಿನ ಬಿಸಿಲು ೩೮ ಡಿಗ್ರಿಗೆ ಏರಿದಾಗ ಗಾಳಿ ಎಷ್ಟು ತೆಳ್ಳಗಾಗುವುದೆಂದರೆ, ವಿಮಾನದ ಮಟ್ಟಿಗೆ ಆ ನೆಲ ಆರೂವರೆ ಸಾವಿರ ಅಡಿಯ ಬೆಟ್ಟದಂತಾಗುತ್ತದೆ. ಎಂಜಿನ್ನಿನ ಶಕ್ತಿ ಕುಗ್ಗುತ್ತದೆ, ರೆಕ್ಕೆಯ ಹಿಡಿತ ಸಡಿಲವಾಗುತ್ತದೆ, ಏರಲು ಬೇಕಾದ ಓಟ ಉದ್ದವಾಗುತ್ತದೆ. ಬೆಳಗ್ಗೆ ಸುಲಭವಾಗಿ ಹೊತ್ತ ಭಾರವನ್ನು ನಡುಹಗಲು ಹೊರಲಾಗದು.

ಏರಿದ ಮೇಲೆ ಕೆಳಗೆ ಕಾಣುವುದು ಚಿತ್ರಪಟ. ಹಸಿರು ಜೊಂಡು, ಕನ್ನಡಿಯಂತಹ ನೀರು, ದುಂಡನೆಯ ನಡುಗಡ್ಡೆಗಳು. ಆ ನಡುಗಡ್ಡೆಗಳಲ್ಲಿ ಎಷ್ಟೋ ಗೆದ್ದಲ ಹುತ್ತದಿಂದ ಮೊದಲಾದವು: ಹುತ್ತದ ಮೇಲೆ ಮರ, ಮರದ ಸುತ್ತ ಮಣ್ಣು. ನೀರಾನೆಗಳು ತುಳಿದ ದಾರಿಗಳು ಜೊಂಡಿನಲ್ಲಿ ಕಾಲುವೆಗಳಾಗಿವೆ. ಪ್ರವಾಸಿಗರು ಕಿಟಕಿಗೆ ಮುಖವೊತ್ತಿ ನೋಡುತ್ತಾರೆ. ಚಾಲಕನ ಕಣ್ಣು ಮಾತ್ರ ಬಿಸಿಗಾಳಿಯ ಸುಳಿಯಲ್ಲಿ ಮೇಲೇರುವ ರಣಹದ್ದುಗಳ ಮೇಲೆ. ಮಧ್ಯಾಹ್ನದ ಕುಲುಕಾಟದಲ್ಲಿ ಹಿಂದಿನ ಪೀಠದವರ ಮುಖ ಬಿಳಿಚಿಕೊಂಡರೆ ಕಾಗದದ ಚೀಲ ನೀಡಿ ಸಮಾಧಾನ ಹೇಳಬೇಕಾದವನೂ ಅವನೇ.

ಶಿಬಿರ ಬಂದಿತು. ರನ್‌ವೇಯ ನಡುವೆ ಆನೆಯೊಂದು ನಿಂತಿದೆ! ಈ ದೇಶದಲ್ಲಿ ಸುಮಾರು ಒಂದು ಲಕ್ಷ ಮೂವತ್ತು ಸಾವಿರ ಆನೆಗಳಿವೆ. ಅವುಗಳಲ್ಲಿ ಒಂದು ರನ್‌ವೇಗೆ ಬಂದರೆ ಆಶ್ಚರ್ಯವೇನು? ಆನೆಯಿಲ್ಲದಿದ್ದರೆ ಜೀಬ್ರಾಗಳ ಹಿಂಡು, ಅದೂ ಇಲ್ಲದಿದ್ದರೆ ಜಿರಾಫೆ. ಶಿಬಿರದವನು ಜೀಪಿನಲ್ಲಿ ಬಂದು ಓಡಿಸುತ್ತಾನೆ. ಇಲ್ಲವೆ ಚಾಲಕನೇ ಒಮ್ಮೆ ತಗ್ಗಿನಲ್ಲಿ ಹಾರಿ, ಹಾದಿ ಬರಿದಾಯಿತೆಂದು ಕಂಡ ಮೇಲೆ ಸುತ್ತು ಹಾಕಿಕೊಂಡು ಬಂದು ಇಳಿಯುತ್ತಾನೆ. ಇಳಿಯುವ ಗಳಿಗೆಯಲ್ಲಿ ಪೊದೆಯಿಂದ ಜಿಂಕೆ ನೆಗೆದರೆ ಮತ್ತೆ ಮೇಲೇರಬೇಕು. ಇಳಿಯುವುದಕ್ಕಿಂತ ಇಳಿಯದಿರುವುದನ್ನು ನಿಶ್ಚಯಿಸುವುದೇ ಕಷ್ಟದ ವಿದ್ಯೆಯೆಂದು ಇಲ್ಲಿನ ಹಳಬರು ಹೇಳುತ್ತಾರೆ.

ಅಪಾಯ ಹೊಸಬರಿಗೆ ಮಾತ್ರ ಮೀಸಲಲ್ಲ. ೨೦೧೧ರ ಅಕ್ಟೋಬರಿನಲ್ಲಿ ಈ ಮುಖಜಭೂಮಿಯ ಒಂದು ರನ್‌ವೇಯಿಂದ ಏರಿದ ಕ್ಯಾರವಾನ್ ವಿಮಾನ ಬಿದ್ದು ಉರಿದಾಗ ಅದರಲ್ಲಿದ್ದ ಹನ್ನೆರಡು ಮಂದಿಯಲ್ಲಿ ಎಂಟು ಮಂದಿ ಸತ್ತರು. ಅದನ್ನು ನಡೆಸುತ್ತಿದ್ದ ಚಾಲಕನೂ ಅವರಲ್ಲಿ ಒಬ್ಬ. ಅವನು ಎಳೆಯನಲ್ಲ, ನುರಿತವನು. ಇಂತಹ ಸುದ್ದಿ ಬಂದ ಸಂಜೆ ಉಪಾಹಾರಗೃಹದಲ್ಲಿ ಗಂಟೆಗಳ ಲೆಕ್ಕವನ್ನು ಯಾರೂ ಆಡುವುದಿಲ್ಲ. ಮರುದಿನ ಬೆಳಗ್ಗೆ ಲೋಟದಲ್ಲಿ ಹಿಡಿದ ಇಂಧನವನ್ನು ಎಲ್ಲರೂ ಎರಡು ಸಲ ನೋಡುತ್ತಾರೆ.

ಲಾಗ್ ಪುಸ್ತಕದ ಪುಟಗಳು

ಕಾಡಿನ ರನ್‌ವೇಗಳಲ್ಲಿ ದೀಪಗಳಿಲ್ಲ. ಆದುದರಿಂದ ಹೊತ್ತು ಮುಳುಗುವ ಮುನ್ನ ಎಲ್ಲರೂ ಮಾಉನ್‌ಗೆ ಮರಳಬೇಕು. ವಿಮಾನವನ್ನು ಕಟ್ಟಿ, ಕಿಟಕಿಗಳನ್ನು ಒರಸಿ, ಲಾಗ್ ಪುಸ್ತಕವನ್ನು ತೆರೆದರೆ ಆ ದಿನದ ಗಳಿಕೆ ಮೂರು ಗಂಟೆಯೋ ನಾಲ್ಕು ಗಂಟೆಯೋ. ಹನಿಗೂಡಿದರೆ ಹಳ್ಳ. ತಿಂಗಳಿಗೆ ಐವತ್ತು ಗಂಟೆಯಂತೆ ಹಿಡಿದರೂ ಇನ್ನೂರರಿಂದ ಹದಿನೈದುನೂರಕ್ಕೆ ಏರಲು ೨೬ ತಿಂಗಳು ಬೇಕು. ಅದರ ನಡುವೆ ಸಣ್ಣ ವಿಮಾನದಿಂದ ಟರ್ಬೈನ್ ಎಂಜಿನ್ನಿನ ಕ್ಯಾರವಾನ್‌ಗೆ ಬಡ್ತಿ ದೊರೆತರೆ ಅದೇ ದೊಡ್ಡ ಹಬ್ಬ. ಟರ್ಬೈನ್ ವಿಮಾನದಲ್ಲಿ ಹಾರಿದ ಗಂಟೆಗೆ ಹೊರಗಿನ ಸಂಸ್ಥೆಗಳು ಹೆಚ್ಚು ಬೆಲೆ ಕೊಡುತ್ತವೆ.

ಎರಡು ಮೂರು ವರ್ಷಗಳಾದ ಮೇಲೆ ಹಲವರು ದೊಡ್ಡ ವಿಮಾನಗಳ ಕಡೆಗೆ ಹೊರಟು ಹೋಗುತ್ತಾರೆ. ಅಲ್ಲಿ ರನ್‌ವೇಗೆ ಆನೆ ಬರುವುದಿಲ್ಲ; ಪೆಟ್ಟಿಗೆ ಹೊರುವವರು ಬೇರೆ ಇರುತ್ತಾರೆ. ಕೆಲವರು ಮಾತ್ರ ಈ ನೀರುನಾಡಿನ ಮೋಹ ಬಿಡದೆ ಇಲ್ಲಿಯೇ ನಿಂತು, ಮುಂದೆ ತಾವೇ ಮುಖ್ಯ ಚಾಲಕರಾಗಿ, ಬಾಗಿಲು ತಟ್ಟುವ ಹೊಸಬರ ಕಾಗದಗಳನ್ನು ಪರಿಶೀಲಿಸುತ್ತಾರೆ. ಇನ್ನು ಕೆಲವರ ಕಥೆಯನ್ನು ಯಾರೂ ಬರೆಯುವುದಿಲ್ಲ. ತೊಂಬತ್ತನೆಯ ದಿನ ಡೇರೆಯನ್ನು ಮಡಿಚಿ, ಇನ್ನೂರು ಗಂಟೆಗಳನ್ನು ಇನ್ನೂರಾಗಿಯೇ ಹೊತ್ತುಕೊಂಡು ಮರಳಿದವರು ಅವರು. ೨೦೨೦ರಲ್ಲಿ ಸಾಂಕ್ರಾಮಿಕ ರೋಗ ಲೋಕವನ್ನು ಮುಚ್ಚಿದಾಗಲಂತೂ ಶಿಬಿರಗಳು ಬರಿದಾಗಿ, ಕೆಲಸದಲ್ಲಿದ್ದ ಚಾಲಕರೇ ಕೈಕಟ್ಟಿ ಕುಳಿತರು. ಪ್ರವಾಸಿಗರನ್ನು ನಂಬಿದ ಬದುಕಿಗೆ ಪ್ರವಾಹವನ್ನು ನಂಬಿದ ಬದುಕಿನಷ್ಟೇ ಭರವಸೆ.

ಮಗನೋ ಮಗಳೋ ವಿಮಾನ ನಡೆಸುತ್ತೇನೆಂದು ಹಟ ಹಿಡಿದ ಮನೆಗಳು ನಮ್ಮ ಊರುಗಳಲ್ಲಿಯೂ ಈಗ ಅಪರೂಪವಲ್ಲ. ಅಂತಹ ಮನೆಯ ಹಿರಿಯರು ಮಾಉನ್‌ನ ಬೇಲಿಯ ಬಳಿ ನಿಂತ ಈ ತರುಣರನ್ನು ಒಮ್ಮೆ ನೆನೆಯುವುದು ಒಳ್ಳೆಯದು. ಮಕ್ಕಳ ಆಸೆಯನ್ನು ಚಿವುಟುವುದಕ್ಕಲ್ಲ, ಲೆಕ್ಕವನ್ನು ಪೂರ್ತಿಯಾಗಿ ಹಾಕುವುದಕ್ಕೆ. ಲೈಸೆನ್ಸಿನ ಶುಲ್ಕ ಲೆಕ್ಕದ ಮೊದಲ ಸಾಲು ಮಾತ್ರ. ಅದರ ಕೆಳಗೆ ವಿಶೇಷ ತರಬೇತಿಯ ಖರ್ಚು, ಅದರ ಕೆಳಗೆ ಕೆಲಸವಿಲ್ಲದೆ ಕಾಯಬೇಕಾಗಬಹುದಾದ ಒಂದೆರಡು ವರ್ಷಗಳ ಊಟ ವಸತಿ, ಅದರ ಕೆಳಗೆ ಮನೆಯಿಂದ ಸಾವಿರಾರು ಮೈಲಿ ದೂರ ಹೋಗಿ ಪೆಟ್ಟಿಗೆ ಹೊರಲು ಸಿದ್ಧವಾದ ಮನಸ್ಸು. ಕಡೆಯ ಸಾಲಿನದು ಹಣದಿಂದ ಬರುವಂಥದಲ್ಲ. ಅದು ಇದ್ದವರೇ ಇಲ್ಲಿ ನಿಲ್ಲುತ್ತಾರೆ.

ಈ ವರ್ಷವೂ ಅಂಗೋಲಾದಲ್ಲಿ ಮಳೆ ಬಿದ್ದರೆ ಜೂನ್ ತಿಂಗಳಿಗೆ ತಮಲಕಾನೆಗೆ ನೀರು ಬರುತ್ತದೆ. ನೀರಿನ ಮೊದಲ ನಾಲಗೆ ಒಣಗಿದ ನದಿಯೊಡಲಲ್ಲಿ ತೆವಳಿ ಬರುವುದನ್ನು ನೋಡಲು ಊರಿನ ಮಕ್ಕಳು ಅದರ ಮುಂದೆ ಮುಂದೆ ಓಡುತ್ತಾರೆ. ಅದೇ ಹೊತ್ತಿಗೆ ಪ್ರವಾಸಿಗರೂ ಬರುತ್ತಾರೆ, ಶಿಬಿರಗಳು ತುಂಬುತ್ತವೆ, ವಿಮಾನಗಳು ಸಾಲದೆ ಬರುತ್ತವೆ. ಯಾವುದೋ ಒಂದು ಕಚೇರಿಯ ಮುಖ್ಯ ಚಾಲಕ ಮೇಜಿನಿಂದ ತಲೆಯೆತ್ತಿ, ಮೂರು ತಿಂಗಳಿಂದ ವಾರವಾರವೂ ಬರುತ್ತಿದ್ದ ಆ ಹುಡುಗ ಇನ್ನೂ ಊರಿನಲ್ಲಿಯೇ ಇದ್ದಾನೆಯೆ ಎಂದು ಕೇಳುತ್ತಾನೆ.